ಘಟ್ಟದ ಅದಿರು, ಕಡಲಿನ ಕಾನೂನು

ಕಾಫಿ ಬೆಟ್ಟಗಳ ನಡುವೆ ಹುಟ್ಟಿ ಬೆಳೆದವರಿಗೆ ಸಮುದ್ರ ದೂರದ ಸಂಗತಿ. ಮೂಡಿಗೆರೆ, ಕಳಸ ಕಡೆಯವರಿಗೆ ಕಡಲೆಂದರೆ ಚಾರ್ಮಾಡಿ ಘಾಟಿ ಇಳಿದು, ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಮಂಗಳೂರಿನ ಆಸ್ಪತ್ರೆಗೋ ನೆಂಟರ ಮದುವೆಗೋ ಹೋದಾಗ ಒಂದು ಸಂಜೆ ನೋಡಿ ಬರುವ ಜಾಗ. ಹಡಗು, ಅದು ಬಿಡುವ ಹೊಗೆ, ಚೆಲ್ಲುವ ಎಣ್ಣೆ, ಅದನ್ನು ತಡೆಯಲೆಂದು ಮಾಡಿದ ಅಂತಾರಾಷ್ಟ್ರೀಯ ಕಾನೂನು ಇವೆಲ್ಲ ಕರಾವಳಿಯವರ ತಲೆನೋವು, ನಮ್ಮದಲ್ಲ ಎಂದೇ ನಾವು ತಿಳಿದುಕೊಂಡಿದ್ದೇವೆ.

ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಅಲುಗಾಡಿಸಿದವರು ನನ್ನ ಮಾಮೂ. ಅವರು ಯೌವನದಲ್ಲಿ ಮನೆ ಬಿಟ್ಟು ಬೊಂಬಾಯಿಗೆ ಹೋಗಿ, ಅಲ್ಲಿಂದ ಸರಕು ಹಡಗಿನ ಎಂಜಿನ್ ಕೋಣೆಗೆ ಸೇರಿದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಉರ್ದು ಶಾಲೆಯಲ್ಲಿ ಭೂಗೋಳ ಓದುತ್ತಿದ್ದ ನಾನು ಅವರ ಬಳಿ ಕೂತು ಸಮುದ್ರಗಳ ಹೆಸರು ಹೇಳಿಸಿಕೊಳ್ಳುತ್ತಿದ್ದೆ. ಒಂದು ರಾತ್ರಿ, ಸಮುದ್ರದ ನೀರು ಯಾವ ಬಣ್ಣ ಎಂದು ಕೇಳಿದೆ. "ಹಗಲಿಗೆ ನೀಲಿ ಬೇಟಾ, ರಾತ್ರಿಗೆ ಕಪ್ಪು. ನಾವು ಕಪ್ಪು ಮಾಡುವುದೂ ರಾತ್ರಿಯೇ" ಎಂದರು. ಅದರ ಅರ್ಥ ತಿಳಿಯಲು ನನಗೆ ಅನೇಕ ವರ್ಷ ಬೇಕಾಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

ಹಡಗಿನಿಂದ ಶುರುವಾದ ಬದುಕು

ನಮ್ಮ ಬೆಟ್ಟಗಳ ಬದುಕು ಶುರುವಾದದ್ದೇ ಹಡಗಿನಿಂದ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಚಿಕ್ಕಮಗಳೂರಿನ ಪ್ರತಿ ಮನೆಯಲ್ಲೂ ಕೇಳಿಬರುವ ಐತಿಹ್ಯ. ಆ ಬೀಜಗಳು ಅರಬ್ಬೀ ಸಮುದ್ರ ದಾಟಿದ್ದು ಗಾಳಿಯ ಬಲದಿಂದ ಸಾಗುವ ಹಾಯಿ ಹಡಗಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಇಲ್ಲಿ ದೊಡ್ಡ ಎಸ್ಟೇಟುಗಳನ್ನು ಕಟ್ಟಿದ ಮೇಲೆ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಗಿ, ಅಲ್ಲಿ ಹದಗೊಂಡು, ಯೂರೋಪಿಗೆ ಹಡಗೇರತೊಡಗಿತು. ಆ ಹಡಗುಗಳು ಆಫ್ರಿಕಾ ಖಂಡವನ್ನು ಬಳಸಿಕೊಂಡು ತಿಂಗಳುಗಟ್ಟಲೆ ಸಾಗುತ್ತಿದ್ದವು. ಮರದ ಹೊಟ್ಟೆಯೊಳಗೆ ತೇವ ಕುಡಿದ ಬೀಜ ಉಬ್ಬಿ, ಹಸಿರು ಹೋಗಿ ಹಳದಿಗೆ ತಿರುಗಿ, ಹುಳಿ ಕಳೆದುಕೊಂಡು ಬೇರೆಯೇ ರುಚಿ ಪಡೆಯುತ್ತಿತ್ತು.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಾಯಿಯ ಜಾಗಕ್ಕೆ ಕಲ್ಲಿದ್ದಲು ಸುಡುವ ಉಗಿ ಹಡಗು ಬಂತು. ತಿಂಗಳುಗಳ ಪಯಣ ವಾರಗಳಿಗೆ ಇಳಿಯಿತು. ಬೀಜ ಉಬ್ಬುವಷ್ಟು ಸಮಯ ಸಿಗದೆ ಯೂರೋಪಿನವರು ತಮಗೆ ಒಗ್ಗಿದ್ದ ರುಚಿಯನ್ನು ಕಳೆದುಕೊಂಡರು. ಅದನ್ನು ಮರಳಿ ಕೊಡಲು ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿಯನ್ನು ಹರಡುವ ಪದ್ಧತಿ ಶುರುವಾಯಿತು. ಇಂದಿಗೂ 'ಮಾನ್ಸೂನ್ಡ್ ಮಲಬಾರ್' ಎಂದು ಮಾರಾಟವಾಗುವುದು ಅದೇ. ಹಡಗು ಯಾವುದರಿಂದ ಓಡುತ್ತದೆ ಎಂಬುದು ನಮ್ಮ ಕಾಫಿಯ ರುಚಿಯನ್ನೇ ಬದಲಿಸಿತ್ತು. ಜೊತೆಗೆ ಇನ್ನೊಂದೂ ಬದಲಾಯಿತು. ಗಾಳಿಗೆ ಬೂದಿಯಿಲ್ಲ, ಹೊಗೆಯಿಲ್ಲ. ಕಲ್ಲಿದ್ದಲಿಗೆ ಎರಡೂ ಇವೆ. ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬಂತು. ಅದರಲ್ಲೂ ಪೆಟ್ರೋಲು, ಡೀಸೆಲ್ಲು ಎಲ್ಲ ಬಸಿದ ಮೇಲೆ ತಳದಲ್ಲಿ ಉಳಿಯುವ ಡಾಂಬರಿನಂಥ, ಗಂಧಕ ತುಂಬಿದ ದಪ್ಪ ಎಣ್ಣೆಯೇ ಸರಕು ಹಡಗಿನ ಆಹಾರವಾಯಿತು. ಕಾರಣ ಒಂದೇ, ಅದು ಅಗ್ಗ.

ಕುದುರೆಮುಖದಿಂದ ಪಣಂಬೂರಿಗೆ

ಕಾಫಿಯ ನಂತರ ಈ ಬೆಟ್ಟಗಳು ಹಡಗಿಗೆ ಕೊಟ್ಟದ್ದು ತಮ್ಮ ಮೈಯನ್ನೇ. ಆಗ ಮೂಡಿಗೆರೆ ತಾಲ್ಲೂಕಿನಲ್ಲಿದ್ದು ಈಗ ಕಳಸ ತಾಲ್ಲೂಕಿಗೆ ಸೇರಿರುವ ಕುದುರೆಮುಖದಲ್ಲಿ ಕಬ್ಬಿಣದ ಅದಿರಿದೆ ಎಂಬುದು ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಅದು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್. ಅಗೆದು, ಪುಡಿ ಮಾಡಿ, ಆಯಸ್ಕಾಂತದಿಂದ ಬೇರ್ಪಡಿಸಿದರೆ ಮಾತ್ರ ಬೆಲೆ. ಅಷ್ಟು ಬಂಡವಾಳ ಹೂಡಲು ಮುಂದೆ ಬಂದದ್ದು ಷಾ ಆಳ್ವಿಕೆಯ ಇರಾನ್. 1975ರಲ್ಲಿ ಆದ ಒಪ್ಪಂದದಂತೆ 63 ಕೋಟಿ ಡಾಲರ್ ಸಾಲ ಕೊಟ್ಟು, ಸುಮಾರು ಎರಡು ದಶಕಗಳಲ್ಲಿ 15 ಕೋಟಿ ಟನ್ ಅದಿರನ್ನು ಕೊಳ್ಳುವುದಾಗಿ ಇರಾನ್ ಒಪ್ಪಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಹುಟ್ಟಿತು. ಗಣಿ ಸಿದ್ಧವಾಗುವ ಹೊತ್ತಿಗೆ 1979ರ ಕ್ರಾಂತಿ ಬಂದು ಷಾ ದೇಶ ಬಿಟ್ಟಿದ್ದರು, ಹೊಸ ಸರ್ಕಾರಕ್ಕೆ ನಮ್ಮ ಅದಿರು ಬೇಕಿರಲಿಲ್ಲ. ಹಾಗಾಗಿ ಜಪಾನ್, ಚೀನಾ ಮೊದಲಾದ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು.

ಅದಿರು ಘಟ್ಟ ಇಳಿದದ್ದು ಲಾರಿಯಲ್ಲಲ್ಲ, ಕೊಳವೆಯಲ್ಲಿ. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಲಾಗುತ್ತಿತ್ತು. ಅಲ್ಲಿ ನೀರು ಬಸಿದು, ಅದಿರನ್ನು ಹಡಗಿಗೆ ತುಂಬುತ್ತಿದ್ದರು. ಬೇಡವಾದ ಕಲ್ಲಿನ ಹಿಟ್ಟು ಲಕ್ಯಾ ಅಣೆಕಟ್ಟಿನ ಹಿಂದೆ ಶೇಖರವಾಗುತ್ತಿತ್ತು. ವರ್ಷಕ್ಕೆ 75 ಲಕ್ಷ ಟನ್ ಅದಿರು ತಯಾರಿಸುವ ಸಾಮರ್ಥ್ಯದ ಗಣಿ ಅದು. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರಿಗೆ ಈ ಅದಿರೇ ಹಲವು ಕಾಲ ದೊಡ್ಡ ಆಸರೆಯಾಗಿತ್ತು.

ಬರಿದಾಗಿ ಬರದ ಹಡಗು

ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಅದಿರು ಒಯ್ಯಲು ಬರುವ ಹಡಗಿನಲ್ಲಿ ಸರಕು ಇರುವುದಿಲ್ಲ. ಆದರೆ ಖಾಲಿ ಹಡಗು ಕಡಲಿನ ಮೇಲೆ ನೆಟ್ಟಗೆ ನಿಲ್ಲಲಾರದು. ಅಲೆಗೆ ಮಗುಚದಿರಲು, ಹೊರಟ ಬಂದರಿನ ಸಮುದ್ರದ ನೀರನ್ನೇ ತೊಟ್ಟಿಗಳಲ್ಲಿ ತುಂಬಿಕೊಂಡು ಬರುತ್ತದೆ. ಹೊರುವ ಸರಕಿನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರು ಅದರಲ್ಲಿರುವುದು ಸಾಮಾನ್ಯ. ಇದನ್ನು ಬಲ್ಲಾಸ್ಟ್ ನೀರು ಎನ್ನುತ್ತಾರೆ. ಅದಿರು ತುಂಬುತ್ತಾ ಹೋದಂತೆ ಈ ನೀರನ್ನು ಇಲ್ಲಿನ ಕಡಲಿಗೆ ಬಿಡಬೇಕು. ಕುದುರೆಮುಖದ ಮಣ್ಣು ಪರದೇಶಕ್ಕೆ ಹೋದಷ್ಟು ಕಾಲವೂ ಪರದೇಶದ ಸಮುದ್ರದ ನೀರು ನಮ್ಮ ಕಡೆಗೆ ಬರುತ್ತಿತ್ತು ಎಂದಾಯಿತು.

ಅದರಲ್ಲಿ ಬರಿಯ ಉಪ್ಪು ನೀರಿರುವುದಿಲ್ಲ. ಮೀನಿನ ಮೊಟ್ಟೆ, ಚಿಪ್ಪಿನ ಮರಿ, ಪಾಚಿ, ರೋಗಾಣು ಎಲ್ಲ ಇರುತ್ತವೆ. 1980ರ ದಶಕದಲ್ಲಿ ಹೀಗೆ ಹಡಗಿನ ನೀರಿನಲ್ಲಿ ಬಂದ ಒಂದು ಬಗೆಯ ಲೋಳೆ ಜೀವಿ ಕಪ್ಪು ಸಮುದ್ರದಲ್ಲಿ ಹಬ್ಬಿ ಅಲ್ಲಿನ ಮೀನುಗಾರಿಕೆಯನ್ನೇ ನೆಲಕಚ್ಚಿಸಿತು. ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ ಪಟ್ಟೆ ಚಿಪ್ಪುಗಳು ನೀರಿನ ಕೊಳವೆಗಳನ್ನು ಮುಚ್ಚಿಹಾಕಿದವು. ಜಗತ್ತು ಎಚ್ಚೆತ್ತು ಬಲ್ಲಾಸ್ಟ್ ನೀರಿನ ಒಪ್ಪಂದವನ್ನು ಅಂಗೀಕರಿಸಿದ್ದು 2004ರಲ್ಲಿ. ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 8ರಂದು. ಅಷ್ಟರಲ್ಲಿ ಕುದುರೆಮುಖದ ಗಣಿ ನಿಂತು ಹನ್ನೊಂದು ವರ್ಷ ದಾಟಿತ್ತು.

ಉಳಿದ ಕಾನೂನುಗಳ ಕಥೆಯೂ ಹೀಗೆಯೇ. ಹಡಗುಗಳು ಎಣ್ಣೆ ಚೆಲ್ಲುವುದನ್ನು ತಡೆಯುವ ಮೊದಲ ಒಪ್ಪಂದ 1954ರಲ್ಲಿ ಲಂಡನ್‌ನಲ್ಲಿ ಆಯಿತು. ಅದು ಹಲ್ಲಿಲ್ಲದ ಕಾನೂನು. 1967ರ ಮಾರ್ಚ್‌ನಲ್ಲಿ 'ಟೋರಿ ಕ್ಯಾನಿಯನ್' ಎಂಬ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಬಂಡೆಗಳಿಗೆ ಬಡಿದು ಸುಮಾರು 1 ಲಕ್ಷ 20 ಸಾವಿರ ಟನ್ ಕಚ್ಚಾ ಎಣ್ಣೆ ಹೊರಬಿದ್ದಾಗಲೇ ಸರ್ಕಾರಗಳ ಕಣ್ಣು ತೆರೆದದ್ದು. ಎಣ್ಣೆಯನ್ನು ಸುಡಲು ಬ್ರಿಟನ್ ತನ್ನ ಯುದ್ಧವಿಮಾನಗಳಿಂದ ಆ ಹಡಗಿನ ಮೇಲೆ ಬಾಂಬು ಹಾಕಿಸಬೇಕಾಯಿತು. 1973ರಲ್ಲಿ 'ಮಾರ್ಪೋಲ್' ಎಂಬ ಹೊಸ ಒಪ್ಪಂದ ಬರೆದರೂ ಸಾಕಷ್ಟು ದೇಶಗಳು ಸಹಿ ಹಾಕಲಿಲ್ಲ. ಮತ್ತಷ್ಟು ಅಪಘಾತಗಳಾದ ಮೇಲೆ 1978ರಲ್ಲಿ ಅದನ್ನು ತಿದ್ದಿ, 1983ರ ಅಕ್ಟೋಬರ್ 2ರಂದು ಜಾರಿಗೆ ತಂದರು. ಕಸ ಎಸೆಯುವುದರ ವಿರುದ್ಧದ ನಿಯಮ 1988ರ ಕೊನೆಗೆ ಬಂತು. ಶೌಚದ ನೀರಿನ ನಿಯಮ 2003ಕ್ಕೆ, ಹೊಗೆಯ ನಿಯಮ 2005ರ ಮೇ ತಿಂಗಳಿಗೆ. ಹಡಗಿನ ತಳಕ್ಕೆ ಚಿಪ್ಪು ಅಂಟದಂತೆ ಬಳಿಯುತ್ತಿದ್ದ ವಿಷದ ಬಣ್ಣದ ನಿಷೇಧ 2008ಕ್ಕೆ.

ಈ ಇಸವಿಗಳ ಪಕ್ಕದಲ್ಲಿ ಕುದುರೆಮುಖದ ಇಸವಿಗಳನ್ನಿಟ್ಟು ನೋಡಿ. 1980ರಿಂದ 2005ರವರೆಗಿನ ಕಾಲು ಶತಮಾನ ನಮ್ಮ ಬೆಟ್ಟ ಹಡಗೇರಿತು. ಆ ಅವಧಿಯ ಬಹುಪಾಲು ಅದನ್ನು ಹೊತ್ತ ಹಡಗಿನ ಹೊಗೆಗೆ ಕಾನೂನಿರಲಿಲ್ಲ, ತಳದ ಬಣ್ಣಕ್ಕೆ ಕಾನೂನಿರಲಿಲ್ಲ, ಹೊಟ್ಟೆಯ ನೀರಿಗೆ ಕಾನೂನಿರಲಿಲ್ಲ. ಸರಕು ಹೋದ ಮೇಲೆ ಕಾನೂನು ಬಂತು.

ರಾತ್ರಿಯ ಕೆಲಸ

ಹಾಗಾದರೆ ಕಾನೂನು ಇದ್ದಲ್ಲಿ ಎಲ್ಲವೂ ಸರಿಯಿತ್ತೇ? ಮಾಮೂ ಹೇಳಿದ ಮಾತಿಗೆ ಈಗ ಬರುತ್ತೇನೆ. ಹಡಗಿನ ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ, ನೀರು, ಗ್ರೀಸು ಬೆರೆತ ಕೊಳಕು ಸದಾ ಶೇಖರವಾಗುತ್ತಿರುತ್ತದೆ. ಮಾರ್ಪೋಲ್ ಪ್ರಕಾರ ಅದನ್ನು ಯಂತ್ರದಲ್ಲಿ ಶೋಧಿಸಿ, ಹತ್ತು ಲಕ್ಷ ಭಾಗ ನೀರಿಗೆ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಇರದಂತೆ ಮಾಡಿಯೇ ಹೊರಬಿಡಬೇಕು. ಉಳಿದ ಎಣ್ಣೆಯನ್ನು ಬಂದರಿನಲ್ಲಿ ಹಣ ಕೊಟ್ಟು ಇಳಿಸಬೇಕು. ಪ್ರತಿಯೊಂದನ್ನೂ 'ಎಣ್ಣೆ ದಾಖಲೆ ಪುಸ್ತಕ'ದಲ್ಲಿ ಬರೆದಿಡಬೇಕು. ಮಾಮೂ ದುಡಿಯುತ್ತಿದ್ದ ಒಂದು ಹಡಗಿನಲ್ಲಿ ಶೋಧಕ ಯಂತ್ರವನ್ನು ತಪ್ಪಿಸಿ ಹೋಗುವ ಒಂದು ಕೊಳವೆ ಇತ್ತಂತೆ. ಹಡಗಿನವರ ಭಾಷೆಯಲ್ಲಿ ಅದಕ್ಕೆ 'ಮ್ಯಾಜಿಕ್ ಪೈಪ್' ಎಂದು ಹೆಸರು. ದಡ ಕಾಣದ ಜಾಗದಲ್ಲಿ, ನಡುರಾತ್ರಿ, ಅದನ್ನು ಜೋಡಿಸುವ ಕೆಲಸ ಇವರದು. ಬೆಳಿಗ್ಗೆ ಪುಸ್ತಕದಲ್ಲಿ ಎಲ್ಲವೂ ನಿಯಮದಂತೆ ನಡೆದಿದೆ ಎಂದು ಮೇಲಿನವರು ಬರೆಯುತ್ತಿದ್ದರು.

"ಬೇಡ ಎನ್ನಬಹುದಿತ್ತಲ್ಲ ಮಾಮೂ?" ಎಂದು ದೊಡ್ಡವನಾದ ಮೇಲೆ ಕೇಳಿದೆ. "ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸುತ್ತಿದ್ದರು. ನಿನ್ನ ಅಮ್ಮಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ" ಎಂದರು. ಅವರು ಅದನ್ನು ಸಮರ್ಥನೆಯಾಗಿ ಹೇಳಲಿಲ್ಲ. ಅವರ ತಲೆ ತಗ್ಗಿತ್ತು.

ಆ ಹಡಗು ಯಾರದು ಎಂಬುದೂ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಮಾಲೀಕ ಒಂದು ದೇಶದವನು, ನಡೆಸುವ ಕಂಪೆನಿ ಇನ್ನೊಂದು ದೇಶದ್ದು, ಹಿಂಬದಿಯಲ್ಲಿ ಹಾರುವ ಧ್ವಜ ಮೂರನೆಯ ದೇಶದ್ದು, ಕೆಲಸಗಾರರು ನಾಲ್ಕನೆಯ ದೇಶದವರು. ತೆರಿಗೆ ಕಡಿಮೆ, ತಪಾಸಣೆ ಸಡಿಲ ಎಂಬ ಕಾರಣಕ್ಕೆ ಲೈಬೀರಿಯಾ, ಪನಾಮಾದಂಥ ದೇಶಗಳಲ್ಲಿ ಹಡಗು ನೋಂದಾಯಿಸುವುದು ಹಳೆಯ ರೂಢಿ. ಟೋರಿ ಕ್ಯಾನಿಯನ್ ಕೂಡ ಲೈಬೀರಿಯಾದ ಧ್ವಜದ್ದೇ. ತಪ್ಪಾದಾಗ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದೇ ತಿಳಿಯದ ವ್ಯವಸ್ಥೆ ಇದು.

ಹಾಗೆಂದು ಕಾನೂನಿನಿಂದ ಏನೂ ಆಗಲಿಲ್ಲ ಎನ್ನುವುದು ತಪ್ಪಾಗುತ್ತದೆ. ಎಣ್ಣೆ ಹೊರುವ ಹಡಗುಗಳಿಂದ ಏಳು ಟನ್‌ಗಿಂತ ಹೆಚ್ಚು ಎಣ್ಣೆ ಸೋರಿದ ಘಟನೆಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 80ರ ಹತ್ತಿರ ಇದ್ದವು. 2010ರ ದಶಕದಲ್ಲಿ ಅವು ಆರರ ಆಸುಪಾಸಿಗೆ ಇಳಿದವು. 1989ರಲ್ಲಿ ಅಲಾಸ್ಕಾದಲ್ಲಿ 'ಎಕ್ಸಾನ್ ವಾಲ್ಡೀಸ್' ದುರಂತವಾದ ಮೇಲೆ ಅಮೆರಿಕ ಕಠಿಣ ಕಾನೂನು ತಂದಿತು. ಹಡಗಿಗೆ ಎರಡು ಪದರದ ಮೈ ಇರಬೇಕೆಂಬ ನಿಯಮ ಜಗತ್ತಿಗೆಲ್ಲ ಹಬ್ಬಿತು. ಮಾಡಬೇಕೆಂದರೆ ಮಾಡಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಬೆಟ್ಟ ಗೆದ್ದದ್ದು ಹೇಗೆ?

ಕಡಲಿನಲ್ಲಿ ತಡವಾದದ್ದು ನಮ್ಮ ಬೆಟ್ಟದಲ್ಲಿ ಆಯಿತು. ಕುದುರೆಮುಖದ ಗಣಿ ಗುತ್ತಿಗೆಯ ಅವಧಿ 1999ರ ಜುಲೈನಲ್ಲಿ ಮುಗಿಯಿತು. ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಉದ್ದೇಶವನ್ನು ಸರ್ಕಾರ 1987ರಲ್ಲೇ ಪ್ರಕಟಿಸಿತ್ತು, ಅಂತಿಮ ಅಧಿಸೂಚನೆ 2001ರಲ್ಲಿ ಬಂತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಈ ಮಳೆಕಾಡಿನಲ್ಲಿ ಗಣಿಗಾರಿಕೆ ಮುಂದುವರಿಯಬೇಕೇ ಎಂಬ ಪ್ರಶ್ನೆಯನ್ನು ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಒಯ್ದರು. ಗಣಿಯ ಹೂಳು ಭದ್ರೆಗೆ ಸೇರುತ್ತಿದೆ ಎಂಬುದು ವಾದದ ಮುಖ್ಯ ಅಂಶ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಈಗಾಗಲೇ ಅಗೆದ ಜಾಗದ ಮೇಲ್ಪದರದ ಅದಿರು ಮುಗಿಯುವವರೆಗೆ ಅಥವಾ 2005ರ ಕೊನೆಯವರೆಗೆ ಮಾತ್ರ ಅವಕಾಶ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಆ ತೀರ್ಪಿನಿಂದ ಕೆಲಸ ಕಳೆದುಕೊಂಡವರಿದ್ದಾರೆ. ಗಿರಾಕಿ ಕಳೆದುಕೊಂಡ ಕಳಸದ ಅಂಗಡಿಯವರಿದ್ದಾರೆ. ಅವರ ನೋವನ್ನು ಹಗುರವಾಗಿ ಕಾಣಲಾಗದು. ಆದರೂ ಒಂದು ಮಾತು ನಿಜ. ಇಲ್ಲಿ ಗುತ್ತಿಗೆಗೆ ಒಂದು ತಾರೀಖಿತ್ತು, ಕಂಪೆನಿಗೆ ಒಂದು ವಿಳಾಸವಿತ್ತು, ಕೆಳಗೆ ನೀರು ಕುಡಿಯುವ ಜನರಿದ್ದರು, ದೂರು ಕೇಳುವ ನ್ಯಾಯಾಲಯವಿತ್ತು. ಕಡಲಿನಲ್ಲಿ ಮೀನು ಹಿಡಿಯುವ ಮೊಗವೀರನಿಗೆ, ಬ್ಯಾರಿಗೆ ಇವುಗಳಲ್ಲಿ ಎಷ್ಟಿವೆ?

ಕಳೆದ ಎರಡು ದಶಕಗಳ ಘಟನೆಗಳನ್ನೇ ನೋಡಿ. 2006ರ ಮೇ ಕೊನೆಯಲ್ಲಿ 'ಓಷನ್ ಸೆರಾಯಾ' ಎಂಬ ಹಡಗು ಕಾರವಾರದ ಬಳಿ ಬಂಡೆಗೆ ಬಡಿದು, ಅದರ ಎಣ್ಣೆ ಗೋವಾದ ದಡದವರೆಗೆ ಹೋಯಿತು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ಹೊತ್ತ 'ಪ್ರಿನ್ಸೆಸ್ ಮಿರಾಲ್' ಸುಮಾರು 220 ಟನ್ ಇಂಧನದೊಂದಿಗೆ ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದ ಸಿರಿಯಾದ 15 ನಾವಿಕರನ್ನು ನಮ್ಮ ಕರಾವಳಿ ಕಾವಲು ಪಡೆ ಉಳಿಸಿತು. 2025ರ ಮೇ 25ರಂದು ಲೈಬೀರಿಯಾ ಧ್ವಜದ 'ಎಂಎಸ್‌ಸಿ ಎಲ್ಸಾ 3' ಕೊಚ್ಚಿಯ ಹೊರಗೆ 640 ಕಂಟೇನರುಗಳೊಂದಿಗೆ ಮುಳುಗಿತು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಒಡೆದ ಕಂಟೇನರುಗಳ ಪ್ಲಾಸ್ಟಿಕ್ ಕಾಳುಗಳು ಸಾಬೂದಾನಿ ಚೆಲ್ಲಿದಂತೆ ಕೇರಳದ ಮರಳಿನ ಮೇಲೆ ಹರಡಿದವು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೋರಿ ಹೈಕೋರ್ಟಿಗೆ ಹೋಯಿತು. ಅದಾಗಿ ಎರಡೇ ವಾರಕ್ಕೆ, ಜೂನ್ 9ರಂದು, 'ವಾನ್ ಹೈ 503' ಹೊತ್ತಿ ಉರಿಯಿತು. 22 ಮಂದಿಯಲ್ಲಿ 18 ಜನರನ್ನು ಉಳಿಸಿ ತಂದದ್ದು ಮಂಗಳೂರಿಗೆ. ನಾಲ್ವರು ಕಾಣೆಯಾದರು. ಪ್ರತಿ ಸಲವೂ ಕೆಳಗಿನ ನಾವಿಕ ಮತ್ತು ದಡದ ಮೀನುಗಾರ ಮೊದಲು ಕಣ್ಣಿಗೆ ಬೀಳುತ್ತಾರೆ. ಮಾಲೀಕನನ್ನು ಹುಡುಕಬೇಕು.

ನಮ್ಮ ಪಲ್ಪರಿನ ನೀರು

ಹಡಗಿನವರನ್ನು ದೂರುವುದು ಸುಲಭ. ಆದರೆ ನಮ್ಮ ತೋಟಗಳ ಕಥೆ ಏನು? ನನ್ನ ಅಬ್ಬಾ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಹಾಜರಿ, ಕುಯ್ಲಿನ ತೂಕ, ಪಲ್ಪರ್ ಓಡಿದ ಗಂಟೆ ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು. ಅದನ್ನು ಅವರು 'ರೋಜ್‌ನಾಮ್ಚಾ' ಎನ್ನುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಪಾರ್ಚ್‌ಮೆಂಟ್ ಮಾಡಲು ವಿಪರೀತ ನೀರು ಬೇಕು. ಆ ನೀರು ಹುಳಿತು, ಹಳ್ಳ ಸೇರಿದರೆ ಅಲ್ಲಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೀನು ಸಾಯುತ್ತದೆ, ನೀರು ಕಪ್ಪಾಗಿ ನಾರುತ್ತದೆ. 1974ರ ಜಲಮಾಲಿನ್ಯ ಕಾಯಿದೆಯಡಿ ಇದಕ್ಕೂ ನಿಯಮವಿದೆ. ಹೊಂಡ ತೋಡಿ, ಶುದ್ಧೀಕರಿಸಿದ ಮೇಲೆಯೇ ವಿಲೇವಾರಿ ಮಾಡಬೇಕು. ಇಂದು ಅನೇಕ ತೋಟಗಳಲ್ಲಿ ಅಂಥ ಹೊಂಡಗಳಿವೆ. ಆ ದಿನಗಳಲ್ಲಿ ನಮ್ಮ ಎಸ್ಟೇಟಿನಲ್ಲಿ ಹೊಂಡ ತುಂಬಿದರೆ ರಾತ್ರಿ ಹಳ್ಳಕ್ಕೆ ಬಿಡುತ್ತಿದ್ದರು. ಕೆಳಗಿನ ಲೈನಿನ ಹೆಂಗಸರು ಬೆಳಿಗ್ಗೆ ಬಿಂದಿಗೆ ಹಿಡಿದು ಹಳ್ಳಕ್ಕೆ ಹೋಗಿ ಖಾಲಿ ಬಿಂದಿಗೆಯಲ್ಲಿ ವಾಪಸು ಬರುವುದನ್ನು ನಾನು ನೋಡಿದ್ದೇನೆ. ಅಬ್ಬಾ ಅವರ ರೋಜ್‌ನಾಮ್ಚಾದಲ್ಲಿ ಆ ಸಾಲು ಇರಲಿಲ್ಲ.

ಮಾಮೂ ಮತ್ತು ಅಬ್ಬಾ ಒಬ್ಬರನ್ನೊಬ್ಬರು ಬಹಳ ಗೌರವಿಸುತ್ತಿದ್ದರು. ಒಬ್ಬರು ರಾತ್ರಿ ಕೊಳವೆ ಜೋಡಿಸಿದವರು, ಇನ್ನೊಬ್ಬರು ಬೆಳಿಗ್ಗೆ ಬರೆಯದೆ ಬಿಟ್ಟವರು. ಇಬ್ಬರೂ ಕೆಟ್ಟವರಾಗಿರಲಿಲ್ಲ. ಮಾಲಿನ್ಯದ ಇತಿಹಾಸದಲ್ಲಿ ಇಂಥವರ ಪಾಲು ಎಷ್ಟು ಎಂದು ಯಾರೂ ಬರೆದಿಲ್ಲ.

ಬೆಲೆ ಯಾರು ತೆರಬೇಕು?

2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಲಾಯಿತು. ಬಂದರುಗಳ ಬಳಿ ಉಸಿರಾಡುವವರಿಗೆ ಇದು ದೊಡ್ಡ ಉಪಕಾರ. ಕೆಲವರು ಇದರಲ್ಲೂ ಅಡ್ಡದಾರಿ ಹುಡುಕಿದರು. ಹಳೆಯ ಎಣ್ಣೆಯನ್ನೇ ಸುಟ್ಟು, ಹೊಗೆಯನ್ನು ಸಮುದ್ರದ ನೀರಿನಲ್ಲಿ ತೊಳೆದು, ಆ ನೀರನ್ನು ಮತ್ತೆ ಸಮುದ್ರಕ್ಕೇ ಬಿಡುವ ಯಂತ್ರಗಳು ಬಂದವು. ಹೊಸ ಇಂಧನದ ಹೆಚ್ಚುವರಿ ಖರ್ಚನ್ನು ಹಡಗು ಕಂಪೆನಿಗಳು ಸರಕು ಕಳಿಸುವವರ ಮೇಲೆ ಹಾಕಿದವು. 2024ರಿಂದ ಯೂರೋಪಿಗೆ ಹೋಗುವ ಹಡಗುಗಳು ಇಂಗಾಲಕ್ಕೂ ಶುಲ್ಕ ಕಟ್ಟಬೇಕು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುವುದರಿಂದ ಈ ಲೆಕ್ಕಗಳೆಲ್ಲ ಕೊನೆಗೆ ನಮ್ಮ ಕಣದಲ್ಲಿ ಒಣಗುವ ಬೀಜಕ್ಕೂ ತಟ್ಟುತ್ತವೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದಾಗ ಕಾಫಿ ಹೊತ್ತ ಹಡಗುಗಳು ಮತ್ತೆ ಆಫ್ರಿಕಾವನ್ನು ಬಳಸಿ ಹೋದವು. ಬಾಬಾ ಬುಡನ್ ಹೊರಟ ಕಡಲಿನ ದಾರಿ ಮುಚ್ಚಿ, ಹಾಯಿ ಹಡಗಿನ ಕಾಲದ ದಾರಿ ತೆರೆಯಿತು. ಆದರೆ ಈ ಸಲ ಗಾಳಿಯ ಬದಲು ಎಣ್ಣೆ ಸುಡುತ್ತ, ಇನ್ನಷ್ಟು ಹೊಗೆ ಬಿಡುತ್ತ.

ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇಕಡಾ 3 ಹಡಗುಗಳದು. 2050ರ ಆಸುಪಾಸಿಗೆ ಅದನ್ನು ನಿವ್ವಳ ಶೂನ್ಯಕ್ಕೆ ತರುವುದಾಗಿ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2023ರಲ್ಲಿ ಘೋಷಿಸಿತು. ಅದಕ್ಕೆ ಬೇಕಾದ ಕಡ್ಡಾಯ ನಿಯಮವನ್ನು ಅಂಗೀಕರಿಸಲು 2025ರ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ಸೇರಿದ ದೇಶಗಳು ತೀರ್ಮಾನವನ್ನು ಒಂದು ವರ್ಷ ಮುಂದೂಡಿದವು. 1954ರಿಂದ ನಾವು ನೋಡುತ್ತಾ ಬಂದ ಕಥೆಯೇ ಇದು. ಮುಂದಿನ ಅಪಘಾತಕ್ಕೆ ಕಾಯಬೇಕೇ?

ಕುದುರೆಮುಖದಲ್ಲಿ ಯಂತ್ರಗಳು ನಿಂತಿವೆ. ಲಕ್ಯಾ ಅಣೆಕಟ್ಟಿನ ಹಿಂದೆ ಕಾಲು ಶತಮಾನದ ಕಲ್ಲಿನ ಹಿಟ್ಟು ಮಾತ್ರ ಅಲ್ಲಿಯೇ ಇದೆ. ಆ ಬೆಟ್ಟದ ಒಂದು ಮಗ್ಗುಲಿನ ನೀರು ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಭದ್ರೆಯಾಗಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡು ಕಡಲುಗಳಿಗೆ ನೀರು ಕೊಡುವ ಊರಿನವರು ನಾವು. ಹಡಗಿನ ಪುಸ್ತಕವನ್ನು ತೆರೆದು ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ. ಹಾಗೆ ಕೇಳುವ ಮೊದಲು ನಮ್ಮ ತೋಟದ ರೋಜ್‌ನಾಮ್ಚಾವನ್ನೂ ತೆರೆದಿಡಬೇಕಾಗುತ್ತದೆ.

ಅಬ್ಬಾ ನಿವೃತ್ತರಾದ ಮೇಲೆ ಒಮ್ಮೆ ಅದರ ಬಗ್ಗೆ ಕೇಳಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಒಂದು ಸಾಲು ಬರೆಯಬಹುದಿತ್ತು. ಯಾರಾದರೂ ಓದುತ್ತಿದ್ದರೋ ಏನೋ" ಎಂದರು.